ಪದನಾಮ ಮುಚ್ಚಿದ ಹಾರ

ಪ್ಲಾಸ್ಟಿಕ್ ಚೆಂಡು ಹೂವಿನ ಹಾರದ ತುದಿಯಲ್ಲಿ ಕ್ವೀನ್ಸ್‌ಬರಿಯ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ವೇದಿಕೆಯ ಪಕ್ಕ ನಿಂತು ಅದನ್ನು ಉಗುರಿನಿಂದ ಕೆರೆಯುತ್ತಿದ್ದೆ.

ನಮ್ಮ ಕನ್ನಡ ಬಳಗ ಹಿರಿಯರಿಗಾಗಿ ನಿದ್ದೆಯ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿತ್ತು. ಮಾತನಾಡಬೇಕಾದವರು ನನ್ನ ದೊಡ್ಡಮ್ಮ. ಧಾರವಾಡದಿಂದ ಈ ಇಂಗ್ಲಿಷರ ನಾಡಿಗೆ ಬಂದು ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದವರು, ಆಗಷ್ಟೇ ನಿವೃತ್ತರಾಗಿ, ಈ ವೃತ್ತಿಯ ನೋಂದಾಯಿತರ ಪಟ್ಟಿಯಿಂದ ತಮ್ಮ ಹೆಸರನ್ನು ತಾವೇ ತೆಗೆಸಿದ್ದರು. ಪಟ್ಟಿಯಲ್ಲಿಲ್ಲದವರು ಆ ಪದನಾಮ ಹಾಕಿಕೊಂಡು ಜನರನ್ನು ನಂಬಿಸಿದರೆ ಇಲ್ಲಿ ಅಪರಾಧ. ನನಗೆ ಅದು ಬಾಯಿಪಾಠ. ಓದು ಮುಗಿಸಿ, ಅದೇ ಪಟ್ಟಿಗೆ ನನ್ನ ಹೆಸರು ಸೇರಲೆಂದು ಕಾಯುತ್ತಿದ್ದೆ. ಅಂದರೆ ನಮ್ಮ ಕುಟುಂಬದಲ್ಲಿ ಸೈಕಾಲಜಿಸ್ಟರು ಇಬ್ಬರಿದ್ದರು. ಕಾನೂನಿನ ಪ್ರಕಾರ ಒಬ್ಬರೂ ಇರಲಿಲ್ಲ.

ಬಳಗದ ಕಾರ್ಯದರ್ಶಿ, ಬೆಂಗಳೂರಿನ ಐಟಿಯವರು, ದೊಡ್ಡ ಬ್ಯಾನರ್ ಮಾಡಿಸಿದ್ದರು. ನಡುವೆ ದೊಡ್ಡಮ್ಮನ ನಗುಮುಖ, ಅದರ ಕೆಳಗೆ ಮುಖಕ್ಕಿಂತ ಅಗಲವಾಗಿ ಆ ಪದನಾಮ.

“ಮೇಡಂ, ಡಾಕ್ಟ್ರು ರಿಟೈರ್ ಆದ್ಮೇಲೂ ಡಾಕ್ಟ್ರೇ ಅಲ್ವಾ? ಯಾರ್ ಕೇಳ್ತಾರೆ?” ಎಂದರು ಅವರು.

“ನಾನ ಕೇಳ್ತೀನ್ರಿ,” ಎಂದರು ದೊಡ್ಡಮ್ಮ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಯಾರರೆ ಫೋಟೋ ತಗದು ದೂರು ಕೊಟ್ರ, ಇಷ್ಟು ವರ್ಷ ಒಂದು ಕಪ್ಪುಚುಕ್ಕಿ ಇಲ್ದ ದುಡಿದದ್ದು ಹಾಳಾಗ್ತದ. ಅದನ್ನ ಮುಚ್ಚಿ ಬಾರವಾ. ಇಲ್ಲಂದ್ರ ನಾ ಮೈಕ್ ಮುಟ್ಟಂಗಿಲ್ಲ.”

ಕೈಗೆ ಸಿಕ್ಕಿದ್ದು ಬಾಗಿಲಿಗೆಂದು ತಂದಿದ್ದ ಆ ಹಾರ. ಬ್ಯಾನರಿನ ಮೇಲಿನ ಎರಡು ಮೂಲೆಗೆ ಕಟ್ಟಿದೆ. ಹೂವು ಮುಖವನ್ನು ಬಳಸಿ ಇಳಿದು ಸರಿಯಾಗಿ ಪದನಾಮದ ಮೇಲೆ ಕೂತಿತು. ಒಂದಕ್ಷರವೂ ಕಾಣದು. ನನ್ನ ಅಚ್ಚುಕಟ್ಟಿನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ದೊಡ್ಡಮ್ಮ ಆ ದಿನ ರಂಗೇರಿದ್ದರು. ಕೆಲಸದಲ್ಲಿದ್ದಾಗ ಎಲ್ಲರನ್ನೂ “ನಿಮಗೇನನಿಸುತ್ತದೆ” ಎಂದು ಕೇಳಿ ಕೇಳಿ ಬೇಸತ್ತವರು, ಈಗ ಮೈಸೂರಿನ ನಿವೃತ್ತ ಸರ್ಜನ್ ಒಬ್ಬರಿಗೆ, ಫೋನನ್ನು ಅಡಿಗೆಮನೆಯಲ್ಲಿಟ್ಟು ತೆಪ್ಪಗೆ ಮಲಗಿ ಎಂದು ಎಲ್ಲರೆದುರೇ ಹೇಳಿಬಿಟ್ಟರು. ಕಾರ್ಯದರ್ಶಿ ಖುಷಿಯಿಂದ ಬ್ಯಾನರಿನ ಫೋಟೋ ತೆಗೆದು ಬಳಗದ ವಾಟ್ಸಾಪಿಗೆ ಹಾಕಿದರು. ಬ್ಯಾನರ್ ಮಾತ್ರ, ಮಾತನಾಡುತ್ತಿದ್ದವರು ಅದರಲ್ಲಿರಲಿಲ್ಲ.

ಮನೆಗೆ ಮರಳುತ್ತಾ ಕೊಲಿಂಡೇಲ್‌ನಲ್ಲಿ ಟ್ಯೂಬ್ ರೈಲು ಇಳಿದು ಫೋನ್ ನೋಡಿದೆ. ಕಾರ್ಯಕ್ರಮಕ್ಕೆ ಬಾರದಿದ್ದವರೆಲ್ಲ ಓಂ ಶಾಂತಿ ಬರೆದಿದ್ದರು. ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ಒಬ್ಬರು ಅಂತ್ಯಕ್ರಿಯೆ ಎಲ್ಲಿ ಎಂದು ವಿಚಾರಿಸಿದ್ದರು. ನಮ್ಮವರು ಫೋಟೋಗೆ ಹಾರ ಹಾಕುವುದು ಯಾವಾಗ ಎಂಬುದು ನನಗೆ ಆಗ ಹೊಳೆಯಿತು.

ಕೂಡಲೇ ದೊಡ್ಡಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

“ಫೋಟೋದಾಗ ಆ ಪದನಾಮ ಕಾಣಸ್ತದೇನು?”

ಇಲ್ಲ ಎಂದೆ.

“ಹಂಗಾರ ಚಿಂತಿಲ್ಲ ಬಿಡು. ಪಟ್ಟಿಯಿಂದ ಹೋಗೇನಿ ಅಂತ ಹೇಳಿದ್ರ ಒಬ್ರೂ ನಂಬಲಿಲ್ಲ. ಈಗ ಪೂರಾ ನಂಬ್ಯಾರ.” ಅವರ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಆ ದಿನದ ಪತ್ರಿಕೆ ಹಿಡಿದು ಅವಲಕ್ಕಿ ತಿನ್ನುತ್ತಿದ್ದ ಅವರ ಫೋಟೋ ತೆಗೆದು ಬಳಗಕ್ಕೆ ಕಳಿಸಿದೆ. ಕೆಳಗೆ ಅವರ ಹೆಸರನ್ನಷ್ಟೇ ಬರೆದೆ.