ಯಿ-ರು ಬಚ್ಚಿಟ್ಟ ಬಸಿರು

ಬಾಯಿ ಬಿಗಿಹಿಡಿಯುವುದರಲ್ಲಿ ತನ್ನನ್ನು ಮೀರಿಸುವವರು ತೈವಾನ್ ದ್ವೀಪದಲ್ಲೇ ಹುಟ್ಟಿಲ್ಲವೆಂದು ಪಾವ್-ಚು ಮುದುಕಿ ಹೇಳಿಕೊಳ್ಳುತ್ತಿದ್ದಳು. "ಸಿಂಪಿಯಾದ್ರೂ ಬಾಯಿ ಬಿಟ್ಟೀತು, ನಾನು ಬಿಡಲ್ಲ" ಎಂದು ಅವಳು ತುಂಗ್‌ಶಿ ಬಂದರಿನಲ್ಲಿ ಕೂತು ಅಂದರೆ, ಕಡಲಾಚೆ ಚೀನಾದ ಬೆಸ್ತರು ಬಲೆ ಬಿಟ್ಟು ತಲೆಯೆತ್ತುತ್ತಿದ್ದರು. ಅಂಥ ಗಂಟಲು. ಆದರೂ ಮಾತು ಸುಳ್ಳಲ್ಲ. ಮನೆಯ ಗುಟ್ಟು ಅವಳ ಹಲ್ಲು ದಾಟಿದ್ದನ್ನು ಕಂಡವರಿಲ್ಲ.

ಅವಳೆದುರಿನ ಮಣೆಯ ಮೇಲೆ ಕೂತು ಸಿಂಪಿ ಬಿಡಿಸುತ್ತಿದ್ದವಳು ಸೊಸೆ ಯಿ-ರು. ಮದುವೆಯಾದ ಎರಡನೇ ವರ್ಷಕ್ಕೇ ಅವಳ ಮೂತ್ರಪಿಂಡಗಳು ಕೈಚೆಲ್ಲಿದ್ದವು. ಅಂದಿನಿಂದ ವಾರಕ್ಕೆ ಮೂರು ಬೆಳಗು ಪೇಟೆಯ ಡಯಾಲಿಸಿಸ್ ಕೇಂದ್ರದಲ್ಲಿ ಮಲಗಿ ರಕ್ತ ತೊಳೆಸಿಕೊಳ್ಳುವುದು, ಮಧ್ಯಾಹ್ನ ಬಂದು ಚಾಕು ಹಿಡಿಯುವುದು. ಆ ಕರಾವಳಿಯಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಓಣಿಗೊಬ್ಬಿಬ್ಬರನ್ನು ತುಂಬಿಕೊಂಡು ಕೇಂದ್ರದ ವ್ಯಾನು ಮದುವೆ ದಿಬ್ಬಣದ ಹಾಗೆ ಹೊರಡುತ್ತಿತ್ತು. ಸೂಜಿ ಚುಚ್ಚುವ ಎಡತೋಳಿನ ನರ ಸದಾ ಗುಂಯ್‌ಗುಡುತ್ತಿತ್ತು. "ನನ್ನ ತೋಳಲ್ಲಿ ಜೇನು ಕಟ್ಟಿದೆ, ತುಪ್ಪ ಮಾತ್ರ ಡಾಕ್ಟ್ರಿಗೆ" ಎನ್ನುತ್ತಿದ್ದಳು. ನೀರು ಕುಡಿಯುವುದರಲ್ಲಿ ಅವಳ ಜಿಪುಣತನ ಕಂಡು ಓಣಿಯ ನಲ್ಲಿಗಳೇ ತೊಟ್ಟಿಕ್ಕುವುದನ್ನು ನಿಲ್ಲಿಸಿದ್ದವು.

ಮೂವತ್ತಾರಕ್ಕೆ ಅವಳಿಗೆ ಬಸಿರು ನಿಂತಿತು. ಮುಟ್ಟೇ ಸರಿಯಾಗಿ ಬಾರದವಳಿಗೆ ಗೊತ್ತಾಗುವುದಾದರೂ ಹೇಗೆ? ಸಿಂಪಿಯ ವಾಸನೆಗೆ ಅವಳು ವಾಂತಿ ಮಾಡಿದಾಗ ಪಾವ್-ಚುವೇ ಔಷಧಿ ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದಳು. ಎರಡು ಗೆರೆ ಮೂಡಿತು. ಪಾವ್-ಚು ಎದ್ದು ಬಾಗಿಲಿಗೆ ಅಗುಳಿ ಹಾಕಿದಳು.

"ಮೂರು ತಿಂಗ್ಳು ಉಸಿರೆತ್ತಬೇಡ," ಎಂದಳು. "ಗರ್ಭದ ದೇವ್ರು ಬಲು ಸಣ್ಣ ಮನಸ್ಸಿನೋನು. ಸುದ್ದಿ ಹೊರಗ್ ಬಿದ್ರೆ ಮುನಿಸ್ಕೊಂಡು ಎತ್ಕೊಂಡೋಗ್ತಾನೆ."

"ನರ್ಸಕ್ಕನಿಗೂ ಬೇಡ್ವಾ?"

"ಅವ್ಳೇನು ದೇವ್ರಿಗಿಂತ ದೊಡ್ಡೋಳಾ?"

ಯಿ-ರು ವಾದಿಸಲಿಲ್ಲ. ಅವಳಿಗೆ ದೇವರಿಗಿಂತ ಡಾಕ್ಟರ ಭಯ. ಹಿಂದೆ ಪಕ್ಕದ ಮಂಚದ ಹೆಂಗಸು ಬಸುರಿಯೆಂದು ತಿಳಿದ ದಿನವೇ ಡಾಕ್ಟರು ಅವಳಿಗೆ, ನಿನ್ನ ಜೀವಕ್ಕೇ ಅಪಾಯ, ತೆಗೆಸಿಬಿಡು ಎಂದಿದ್ದನ್ನು ಕಿವಿಯಾರೆ ಕೇಳಿದ್ದಳು. ಮೂರು ತಿಂಗಳು ದಾಟಿಸಿಬಿಟ್ಟರೆ ಹಾಗನ್ನಲು ಯಾರಿಗೂ ಬಾಯಿ ಬಾರದು ಎಂದುಕೊಂಡಳು.

ಮನೆಯಲ್ಲಿ ಆ ದೇವರಿಗೆ ಒಂದಿಷ್ಟೂ ಕಿರಿಕಿರಿಯಾಗಲಿಲ್ಲ. ಮೊಳೆ ಹೊಡೆದರೆ, ಕತ್ತರಿ ಆಡಿಸಿದರೆ, ಮಂಚ ಸರಿಸಿದರೆ ಅವನು ಕೆರಳುತ್ತಾನೆಂಬುದು ಅಲ್ಲಿಯ ನಂಬಿಕೆ. ಯಿ-ರುವಿನ ಗಂಡ ಕುನ್-ತೆಂಗ್ ಕಿಟಕಿಗೆ ಮೊಳೆ ಹೊಡೆಯಲು ಹೊರಟರೆ ಮುದುಕಿ ಸುತ್ತಿಗೆ ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹೂತಳು. ಕತ್ತರಿ ಹಾಸಿಗೆಯ ಬಳಿ ಸುಳಿಯಲಿಲ್ಲ. ಮಂಚ ಸರಿಸುವಂತಿಲ್ಲವಾಗಿ ಅದರಡಿಯ ಧೂಳು ಬೆಳೆದು ಗುಡ್ಡವಾಯಿತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಮೇಲೊಂದು ಗುಡಿ ಕಟ್ಟಬಹುದಿತ್ತು. ಮೀನಿನ ಗಂಜಿಗೆ ಸೊಸೆಯ ಕೆನ್ನೆ ತುಂಬಿಬಂತು.

ತೂಕದ ಯಂತ್ರಕ್ಕೆ ಈ ಸಂಭ್ರಮ ಏನು ಗೊತ್ತು? ಡಯಾಲಿಸಿಸ್‌ನವರ ತೂಕ ಏರಿತೆಂದರೆ ಮೈಯಲ್ಲಿ ನೀರು ನಿಂತಿದೆಯೆಂದೇ ಲೆಕ್ಕ. ಅದನ್ನು ಹೀರಿ ತೆಗೆಯಬೇಕು. ಕೇಂದ್ರದ ಹಿರಿಯ ನರ್ಸ್ ಹುವಾಂಗ್ ಕಣ್ಣರಳಿಸಿದಳು.

"ಏನೇ ಯಿ-ರು, ಸಮುದ್ರಾನೇ ಕುಡ್ಕೊಂಡ್ ಬಂದ್ಯಾ?"

"ನಮ್ಮತ್ತೆ ಗಂಜಿ ಚೆನ್ನಾಗಿ ಮಾಡ್ತಾರೆ ಅಕ್ಕ."

"ಮಾಡ್ಲಿ, ಮಾಡ್ಲಿ. ಕುಡಿಯೋಳು ನೀನು, ಹಿಂಡೋಳು ನಾನು."

ಹಿಂಡಿದಳು. ಸಲದಿಂದ ಸಲಕ್ಕೆ ಇನ್ನಷ್ಟು. ಯಿ-ರುವಿನ ರಕ್ತದೊತ್ತಡ ಕುಸಿಯಿತು, ಕಾಲು ಸೆಡೆತುಕೊಂಡಿತು, ಕಣ್ಣು ಕತ್ತಲಿಟ್ಟಿತು. ಒಮ್ಮೆ ಹೇಳಿಯೇಬಿಡೋಣವೆಂದು ಬಾಯಿ ತೆರೆದಳು. ಹುವಾಂಗ್ ಬಾಗಿ "ಏನಮ್ಮಾ?" ಎಂದಾಗ, "ಕಾಲು ಒತ್ತು ಅಕ್ಕ" ಎಂದಳು.

ಮೂರು ತಿಂಗಳು ತುಂಬಿದ ಬೆಳಿಗ್ಗೆ ಪಾವ್-ಚು ಆಮೆಯಚ್ಚಿನ ಕೆಂಪು ಕಡುಬಿನ ಬುಟ್ಟಿ ಹೊತ್ತು ವ್ಯಾನು ಹತ್ತಿದಳು. ಕೇಂದ್ರದ ಬಾಗಿಲಲ್ಲಿ ನಿಂತು "ನಾನು ಅಜ್ಜಿ ಆಗ್ತಿದೀನಿ!" ಎಂದು ಕೂಗಿದ್ದಕ್ಕೆ ಯಂತ್ರಗಳೆಲ್ಲ ಒಂದು ಸಲ ಬೆಚ್ಚಿ ನಿಂತು ಮತ್ತೆ ಹೊರಟವು. ರೋಗಿಗಳು ಸೂಜಿಯಿಲ್ಲದ ಕೈ ಚಾಚಿ ಕಡುಬು ಇಸಿದುಕೊಂಡರು. ಹುವಾಂಗ್ ಮಾತ್ರ ಕಡುಬು ಮುಟ್ಟದೆ ಡಾಕ್ಟರನ್ನು ಕರೆಯಲು ಓಡಿದಳು.

ಡಾಕ್ಟರ್ ಸ್ಕ್ಯಾನಿನಲ್ಲಿ ಬಹಳ ಹೊತ್ತು ಹುಡುಕಿದರು. ಆ ಪುಟ್ಟ ಗುಂಡಿಗೆ ನಿಂತು ವಾರವಾಗಿರಬೇಕು ಎಂದರು. ತೆಗೆಸು ಅಂತೀರೆಂದು ಹೆದರಿ ಹೇಳಲಿಲ್ಲ ಎಂದಳು ಯಿ-ರು.

"ತೆಗೆಸು ಅಂತಿರ್ಲಿಲ್ಲಮ್ಮ ನಾನು. ಆ ಕಾಲ ಹೋಯ್ತು," ಎಂದರು ಮೆಲ್ಲಗೆ. "ಮೊದ್ಲೇ ಹೇಳಿದ್ರೆ ಹೆಚ್ಚುಕಮ್ಮಿ ದಿನಾ ರಕ್ತ ತೊಳೀತಿದ್ವಿ, ನೀರು ಹೀರೋದು ಕಮ್ಮಿ ಮಾಡ್ತಿದ್ವಿ. ಉಳೀತಿತ್ತು ಅಂತ ಆಣೆ ಇಡಲಾರೆ. ಆದ್ರೆ ಎಷ್ಟೋ ತಾಯಂದ್ರು ಮಗು ಎತ್ಕೊಂಡು ಮನೇಗೆ ಹೋಗಿದಾರೆ."

ಬಸಿರು ಕಳೆದುಕೊಂಡವಳಿಗೂ ಅಲ್ಲಿ ಬಾಣಂತನವುಂಟು. ಪಾವ್-ಚು ಎಳ್ಳೆಣ್ಣೆ, ಶುಂಠಿ ಹಾಕಿ ಕೋಳಿ ಬೇಯಿಸುವಳು; ಸೊಸೆಗೆ ನೀರು ಹೆಚ್ಚಾದೀತೆಂದು ಸಾರನ್ನೆಲ್ಲ ಬಸಿದು ಚೆಲ್ಲಿ, ಬರಿಯ ತುಂಡುಗಳನ್ನು ಬಟ್ಟಲಿಗಿಡುವಳು. ಕಡಲು ದಾಟುತ್ತಿದ್ದ ಆ ಗಂಟಲಿನಿಂದ 'ಉಣ್ಣು' ಎಂಬ ಒಂದು ಮಾತೂ ಹೊರಡದು. ಬಟ್ಟಲಿಟ್ಟು ಹೋಗಿ ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಲ್ಲುವಳು.

ಹಾಗೆ ನಿಂತಿದ್ದಾಗಲೇ ಒಂದು ದಿನ ಪಕ್ಕದ ಮನೆಯ ತ್ಸಾಯ್ ಚಿಕ್ಕಮ್ಮ ಸಮಾಧಾನ ಹೇಳಲು ಒಳಗೆ ಬಂದು ಕೂತಳು. ಓಣಿಯ ಸುದ್ದಿಯೆಲ್ಲ ಹುಟ್ಟುವುದು ಅವಳ ನಾಲಿಗೆಯ ಮೇಲೆಯೇ.

"ಯಾರೋ ಮುಂಚೇನೇ ಬಾಯ್ಬಿಟ್ಟಿದಾರೆ ಕಣೇ," ಎಂದಳು ದನಿ ತಗ್ಗಿಸಿ. "ಇಲ್ದಿದ್ರೆ ದೇವ್ರು ಹಿಂಗ್ ಮಾಡ್ತಿದ್ನಾ? ನಿಮ್ಮತ್ತೆ ಗಂಟ್ಲು ಯಾರಿಗ್ ಗೊತ್ತಿಲ್ಲ!"

ಗೋಡೆಯಾಚೆ ಮುದುಕಿ ಉಸಿರು ಬಿಗಿಹಿಡಿದದ್ದು ಯಿ-ರುವಿಗೆ ಕೇಳಿಸಿತು. ಬಟ್ಟಲನ್ನು ಕೆಳಗಿಟ್ಟಳು.

"ಯಾರೂ ಬಾಯ್ಬಿಡ್ಲಿಲ್ಲ ಚಿಕ್ಕಮ್ಮ. ನಮ್ಮತ್ತೇನೂ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಅದಕ್ಕೇ ಹೋಯ್ತು. ಹೊಟ್ಟೇಲಿಟ್ಕೊಳ್ಳೋ ಅಭ್ಯಾಸ ನಿಮ್ಗಿಲ್ವಲ್ಲ, ಹೋಗಿ, ಇದನ್ನ ಊರೆಲ್ಲ ಸಾರ್ಕೊಂಡ್ ಬನ್ನಿ."