ಎರಡೂ ಬಾಯಿ ತೆರೆದ ಗಿಳಿಗಳು

ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸುವವರು ಹೊಳಲ್ಕೆರೆ ತಾಲ್ಲೂಕಿನಲ್ಲೇ ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳುವಾಗ ನಗುತ್ತಾಳೆ. ಆ ನಗುವಿನ ಮೇಲೂ ನನಗೆ ಅನುಮಾನ. ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಇನ್ನೊಂದು ಸಲ ಜಗ್ಗುವವನು ನಾನು. ಮರದ ಅಡ್ಡೆಯವನು ತೇಗ ಎಂದರೆ ಉಗುರಿನಿಂದ ಕೆರೆದು ಮೂಸಿ ನೋಡದೆ ಒಪ್ಪಿದವನಲ್ಲ. ಈ ಗುಣ ನನ್ನನ್ನು ಕಾಪಾಡಿಕೊಂಡು ಬಂದಿದೆ ಎಂದು ಐವತ್ತೆರಡು ವರ್ಷ ನಂಬಿಕೊಂಡೇ ಇದ್ದೆ.

ನಮ್ಮದು ಬಾಗಿಲು ಕೆತ್ತುವ ಮನೆ. ಅಪ್ಪ ಖಾಕಿ ಕಾಗದದ ಮೇಲೆ ಬರೆದಿಟ್ಟ ಹನ್ನೆರಡು ನಮೂನೆಗಳು ನನ್ನ ಹತ್ತಿರ ಇವೆ. ಅದರಲ್ಲಿ ಒಂದು, ಬಾಗಿಲ ಚೌಕಟ್ಟಿನ ಮೇಲಿನ ಪಟ್ಟಿಗೆ ಕೆತ್ತುವ ಗಿಳಿಬಳ್ಳಿ. ನಡುವೆ ಹೂವು, ಎರಡೂ ಕಡೆಗೆ ಹರಿದ ಬಳ್ಳಿ, ಬಳ್ಳಿಯ ಮೇಲೆ ಎದುರುಬದುರು ಕೂತ ಎರಡು ಗಿಳಿಗಳು. ಎಡಗಡೆಯ ಗಿಳಿಯ ಬಾಯಿ ತೆರೆದಿರಬೇಕು, ಬಲಗಡೆಯದರದು ಮುಚ್ಚಿರಬೇಕು. ಒಂದು ಮಾತಾಡುವಾಗ ಒಂದು ಕೇಳಬೇಕು, ಎರಡೂ ಮಾತಾಡಿದರೆ ಅದು ಮನೆಯಲ್ಲ, ಬಸ್ ಸ್ಟ್ಯಾಂಡ್ ಎಂದು ಅಪ್ಪ ಹೇಳುತ್ತಿದ್ದರು. ಬಿ.ದುರ್ಗದ ಕಡೆ, ಚಿಕ್ಕಜಾಜೂರಿನ ಕಡೆ, ಯಾವ ಮನೆಯ ಬಾಗಿಲ ಮೇಲೆ ಈ ಗಿಳಿಗಳು ಕಂಡರೂ ಇದು ಇಂಥವರ ಕೈ ಎಂದು ಜನ ನಮ್ಮ ಮನೆಯನ್ನು ಹೇಳುತ್ತಾರೆ. ಬೇರೆ ಯಾರೂ ಇದನ್ನು ಕೆತ್ತಿದ್ದಿಲ್ಲ. ಕೆತ್ತಲು ನಾವು ಬಿಟ್ಟಿರಲಿಲ್ಲ. ಕಾಗದಗಳು ಟ್ರಂಕಿನಲ್ಲಿ, ಟ್ರಂಕಿನ ಕೀಲಿ ನನ್ನ ಉಡಿದಾರದಲ್ಲಿ.

ಕೆಲವು ವರ್ಷಗಳಿಂದ ಗಿರಾಕಿಗಳು ಮೊಬೈಲು ಚಾಚಿಕೊಂಡು ಬರತೊಡಗಿದರು. ಎಲ್ಲರಿಗೂ ಮಷೀನಿನಲ್ಲಿ ಕೆತ್ತಿದ ಬಾಗಿಲೇ ಬೇಕು, ಅದೂ ಎರಡು ದಿನದಲ್ಲಿ. ನನ್ನ ಕೈಗೆ ಒಂದು ಪಟ್ಟಿಗೇ ಎಂಟು ದಿನ ಹಿಡಿಯುತ್ತಿತ್ತು. ಕೊನೆಗೆ ನಾನೂ ಒಂದು ಸಿಎನ್‌ಸಿ ಮಷೀನು ತರಿಸಿದೆ. ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಟ್ಟರೆ ಆ ಗೆರೆಯ ಮೇಲೆಯೇ ಅದರ ಬಿಟ್ ತಿರುಗುತ್ತಾ ಮರ ಕೊರೆಯುತ್ತದೆ. ತಂದುಕೊಟ್ಟವನು ಡಿಸೈನುಗಳನ್ನು ಹೊರಗಡೆ ಯಾರ ಹತ್ತಿರವಾದರೂ ಮಾಡಿಸಿಕೊಳ್ಳಿ ಎಂದು ಸಲೀಸಾಗಿ ಹೇಳಿದ. ಅಪ್ಪನ ಗಿಳಿಗಳನ್ನು ಯಾರೋ ಹೊರಗಿನವನ ಕೈಗೆ ಕೊಡುವುದೇ? ನಾನೇ ಕಲಿಯುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ಕಲಿಸಲು ಸಿಕ್ಕಿದ್ದು ಚಿತ್ರದುರ್ಗದ ಒಬ್ಬ ಹೆಣ್ಣುಮಗಳು. ಮೂವತ್ತೈದರ ಆಸುಪಾಸು. ಮದುವೆ ಕಾರ್ಡು ಡಿಸೈನ್ ಮಾಡುತ್ತಿದ್ದಾಕೆ, ಈಗ ಮಷೀನಿನವರಿಗೂ ಗೆರೆ ಹಾಕಿಕೊಡುತ್ತಿದ್ದಳು. ಮಹಡಿಯ ಮೇಲೊಂದು ಕೋಣೆ, ಕಿಟಕಿಯಿಂದ ಜೋಗಿಮಟ್ಟಿ ಬೆಟ್ಟ ಕಾಣುತ್ತಿತ್ತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹೋಗಿ ಆಕೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಬರ್ರಿ ಆಚಾರ್ರೆ, ಕುಂತ್ಕಳ್ರಿ ಎಂದು ಕುರ್ಚಿ ಎಳೆದು ಕೊಡುತ್ತಿದ್ದಳು. ಇಷ್ಟು ಮರ್ಯಾದೆ ಏಕೆ ಎಂದು ಮೊದಲ ದಿನವೇ ಯೋಚನೆಯಾಯಿತು.

ಕಲಿಕೆ ಶುರುವಾಗಿದ್ದೇ ಎಡವಟ್ಟಿನಿಂದ. ನಲವತ್ತೆರಡು ಇಂಚಿನ ಪಟ್ಟಿಗೆ ನಲವತ್ತೆರಡು ಎಂದು ಒತ್ತಿದೆ. ಕಂಪ್ಯೂಟರ್ ಮಿಲಿಮೀಟರಿನಲ್ಲಿ ಕೂತಿತ್ತು. ಇಡೀ ಗಿಳಿಬಳ್ಳಿ ಬೆಂಕಿಪೊಟ್ಟಣದ ಅಳತೆಗೆ ಇಳಿದು, ಗಿಳಿಗಳು ಇರುವೆಗಳಾಗಿ ಕೂತವು. ಆಮೇಲೆ ನೋಡ್ ಎಂಬ ಮಾತಿನದು ಇನ್ನೊಂದು ಗೋಳು. ಅಪ್ಪನ ಕಾಗದದ ಫೋಟೊ ಹಾಕಿ ಕಂಪ್ಯೂಟರಿನಿಂದಲೇ ಗೆರೆ ಎಳೆಸಿದಾಗ ಆ ಗೆರೆಯ ಉದ್ದಕ್ಕೂ ಸಾವಿರಾರು ಚುಕ್ಕಿಗಳೆದ್ದವು. ಒಂದೊಂದು ಚುಕ್ಕಿಗೂ ನೋಡ್ ಎನ್ನುತ್ತಾರಂತೆ. ಬೇಡದ ಚುಕ್ಕಿಗಳನ್ನು ತೆಗೆದರೆ ಗೆರೆ ನುಣುಪಾಗುತ್ತದೆ, ಇಲ್ಲದಿದ್ದರೆ ಮಷೀನು ತಡವರಿಸಿ ಮರದ ಮೇಲೆ ಗಂಟುಗಂಟಾಗುತ್ತದೆ. ಆಕೆ “ಇಲ್ಲಿ ನೋಡ್, ಇಲ್ಲೊಂದು ನೋಡ್” ಎಂದು ಬೆರಳು ಮಾಡಿದಾಗಲೆಲ್ಲ ನಾನು ಮೌಸು ಬಿಟ್ಟು ಪರದೆಗೆ ಮುಖ ಹತ್ತಿರ ತಂದು ನೋಡುತ್ತಿದ್ದೆ. ವಯಸ್ಸಿನಲ್ಲಿ ದೊಡ್ಡವನಿಗೆ ಏಕವಚನದಲ್ಲಿ ನೋಡು ಎನ್ನುತ್ತಾಳಲ್ಲ ಎಂದು ಸಿಟ್ಟೂ ಬಂತು. “ನೋಡ್ತಾನೇ ಇದೀನಲ್ಲಮ್ಮ” ಎಂದು ಗದರಿದ ಮೇಲೆ ಆಕೆಗೆ ಅರ್ಥವಾಗಿ, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲು ಎರಡು ವಾರ ಬೇಕಾಯಿತು.

ಗೆರೆ ಎಲ್ಲೂ ಬಾಯಿ ಬಿಟ್ಟಿರಬಾರದು, ತುದಿಗೆ ತುದಿ ಕೂಡಿರಬೇಕು ಎಂದು ಕಲಿಸಿದಳು. ಗೆರೆಯ ಒಳಗೆ ಕೊರೆಯುವುದೋ ಹೊರಗೆ ಕೊರೆಯುವುದೋ ಎಂದು ಮೊದಲೇ ಹೇಳದಿದ್ದರೆ ಗಿಳಿಯ ಕತ್ತು ಸಣಕಲಾಗುತ್ತದೆ ಎಂಬುದನ್ನೂ ತೋರಿಸಿದಳು. ಚೆನ್ನಾಗಿಯೇ ಕಲಿಸುತ್ತಿದ್ದಳು. ಆದರೆ ನನಗೆ ಅರ್ಥವಾಗದ ಕಡೆ ಮೌಸು ತಾನು ತೆಗೆದುಕೊಂಡು ಸರಸರನೆ ಏನೇನೋ ಒತ್ತುತ್ತಿದ್ದಳಲ್ಲ, ಆಗೆಲ್ಲ ನಾನು ಅಡ್ಡಬಾಯಿ ಹಾಕುತ್ತಿದ್ದೆ. ಗಿಳಿ ಈಗ ಎಲ್ಲಿದೆ, ಬೇರೆ ಎಲ್ಲಿಗಾದರೂ ಹೋಯಿತೇ, ಇಂಟರ್ನೆಟ್ಟು ಬಂದ್ ಮಾಡಿದರೆ ಆಗುವುದಿಲ್ಲವೇ ಎಂದು ಕೇಳುತ್ತಿದ್ದೆ. ಇಲ್ಲೇ ಐತ್ರಿ, ಎಲ್ಲೂ ಹಾರಿಹೋಗಲ್ಲ ಎನ್ನುತ್ತಿದ್ದಳು. ಕೆಲಸ ಒಂದು ವಾರದಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಅದನ್ನು ಆಕೆಯ ಕಂಪ್ಯೂಟರಿನಲ್ಲೇ ಬಿಟ್ಟು ಬರಬೇಕಿತ್ತು. ಯಾರಿಗೂ ಗೊತ್ತಾಗದಿರಲಿ ಎಂದು ಆ ಫೋಲ್ಡರಿಗೆ ಕಿಟಕಿ ಸರಳು ಎಂದು ಹೆಸರಿಡಿಸಿದೆ. ಪಾಪ, ಹಾಗೇ ಇಟ್ಟಳು.

ಒಂದು ಭಾನುವಾರ ಕನ್ನಡಿ ಕಲಿತೆ. ಅರ್ಧ ಬರೆದು ಮಿರರ್ ಒತ್ತಿದರೆ ಇನ್ನರ್ಧ ತಾನೇ ಬಂದು ಎದುರಿಗೆ ಕೂರುತ್ತದೆ. ಎಂಟು ದಿನದ ಕೆಲಸದಲ್ಲಿ ನಾಲ್ಕು ದಿನ ಒಂದು ಗುಂಡಿಯಲ್ಲಿ ಮುಗಿದದ್ದು ಕಂಡು ನನಗೆ ತಲೆಯೇ ತಿರುಗಿತು. ಖುಷಿಯಲ್ಲಿ ನಾನು ಗಮನಿಸಲಿಲ್ಲ, ಆಕೆ ಗಮನಿಸಿದಳು. ಕಾಗದದಲ್ಲಿ ಬಲಗಡೆ ಗಿಳಿಯ ಬಾಯಿ ಮುಚ್ಚಿದೆಯಲ್ಲ, ಇಲ್ಲಿ ಎರಡೂ ತೆರೆದುಕೊಂಡಿವೆ ಎಂದಳು. ನನಗೆ ಗಾಬರಿಯಾಯಿತು. ತಪ್ಪಾಗಿದ್ದಕ್ಕಲ್ಲ. ಈ ಹೆಣ್ಣುಮಗಳು ನಮ್ಮ ಗಿಳಿಯನ್ನು ಇಷ್ಟು ಸೂಕ್ಷ್ಮವಾಗಿ ನೋಡಿಟ್ಟುಕೊಂಡಿದ್ದಾಳಲ್ಲ ಎಂದು. ಅದು ಹಾಗೇ ಇರಬೇಕು ಎಂದು ಸುಳ್ಳು ಹೇಳಿ, ಪೆನ್‌ಡ್ರೈವಿಗೆ ಹಾಕಿಸಿಕೊಂಡು ಎದ್ದುಬಂದೆ.

ನನ್ನ ಮಷೀನಿಗೆ ಇನ್ನೂ ಕರೆಂಟಿನ ಲೈನು ಸಿಕ್ಕಿರಲಿಲ್ಲ. ಒಂದು ಸಲ ಕೊರೆಸಿ ನೋಡುವುದಾದರೆ ಚಿತ್ರದುರ್ಗದಲ್ಲೇ ತನಗೆ ಗೊತ್ತಿರುವವರಿದ್ದಾರೆ ಎಂದು ಆಕೆ ಹೇಳಿದ್ದಳು. ಆಕೆಗೆ ಗೊತ್ತಿರುವವರು ಎಂದರೆ ಇಬ್ಬರೂ ಸೇರಿಕೊಂಡರೆ? ಅದಕ್ಕೇ ಮಾರನೆಯ ದಿನ ಗುರುತು ಪರಿಚಯವಿಲ್ಲದ ಹಿರಿಯೂರಿಗೆ ಹೋದೆ. ನಾನು ಯಾರೆಂದು ಗೊತ್ತಿಲ್ಲದವನಿಗೆ ಗಿಳಿಯ ಬೆಲೆಯೂ ಗೊತ್ತಿರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಒಳ್ಳೆಯ ತೇಗದ ತುಂಡನ್ನು ಮನೆಯಿಂದಲೇ ಒಯ್ದಿದ್ದೆ, ಬದಲಾಯಿಸಿಬಿಟ್ಟರೆ ಎಂದು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತನ್ನೂ ಹಾಕಿದ್ದೆ. ಅಲ್ಲಿಯವನು ಪೆನ್‌ಡ್ರೈವ್ ತೆಗೆದುಕೊಂಡು ಕಂಪ್ಯೂಟರಿಗೆ ಚುಚ್ಚಿದ. ನಾನು ಎರಡು ಗಂಟೆ ಮಷೀನಿನ ಪಕ್ಕದಲ್ಲೇ, ಮರದ ಮೇಲಿಂದ ಕಣ್ಣು ಕೀಳದೆ ನಿಂತೆ. ಕೊಟ್ಟ ಟೀ ಕುಡಿಯಲು ಸಹ ತಿರುಗಲಿಲ್ಲ.

ಬಸ್ಸಿನಲ್ಲಿ ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದೆ. ಎರಡು ಗಿಳಿಗಳೂ ಬಾಯಿ ತೆರೆದು ಒಂದರ ಮೇಲೊಂದು ಕೂಗುತ್ತಿದ್ದವು. ಮುಂದಿನ ಭಾನುವಾರ ಹೋಗಿ, ಆಕೆಯ ಕಂಪ್ಯೂಟರಿನಲ್ಲಿ ಬಲಗಡೆಯ ಗಿಳಿಯ ಬಾಯಿಯನ್ನು ನನ್ನ ಕೈಯಿಂದಲೇ ಮುಚ್ಚಿ, ಸೇವ್ ಮಾಡಿದೆ. ಆಕೆ ಹಿಂದಿನ ವಾರದ ಮಾತನ್ನು ಎತ್ತಲಿಲ್ಲ. ಮಿಕ್ಕ ಹನ್ನೊಂದು ನಮೂನೆಗಳನ್ನೂ ಒಂದೊಂದಾಗಿ ತನ್ನಿ, ಬಿಡುವಿದ್ದಾಗ ಚುಕ್ಕಿ ತೆಗೆದಿಡುತ್ತೇನೆ, ಇಂಥ ಕೈ ಈಗ ಎಲ್ಲಿ ಸಿಗುತ್ತದೆ ಎಂದಳು. ಅರೆಮನಸ್ಸಿನಿಂದ ತಂದುಕೊಟ್ಟೆ. ನಾಲ್ಕು ತಿಂಗಳು ಆಕೆ ಅವುಗಳ ಕೆಲಸಕ್ಕೇ ಕೂತಳು.

ನಮ್ಮ ಮಷೀನು ಶುರುವಾದ ಮೇಲೆ, ಹೊಸದುರ್ಗದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಪಕ್ಕದ ಬೀದಿಯಲ್ಲಿ ನಡೆಯುತ್ತಿದ್ದರೆ, ಒಂದು ಹೊಸ ಮನೆಯ ಬಾಗಿಲ ಮೇಲೆ ನಮ್ಮ ಗಿಳಿಗಳು. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಹತ್ತಿರ ಹೋದೆ. ಎರಡೂ ಗಿಳಿಗಳ ಬಾಯಿ ತೆರೆದಿತ್ತು. ಅಪ್ಪನ ಹಳೆಯ ಬಾಗಿಲನ್ನು ನೋಡಿ ಯಾರಾದರೂ ಕದ್ದಿದ್ದರೆ ಒಂದರ ಬಾಯಿ ಮುಚ್ಚಿರಬೇಕಿತ್ತು. ಇದು ನನ್ನ ತಪ್ಪು, ನಾನು ಕನ್ನಡಿ ಒತ್ತಿ ಮಾಡಿದ ತಪ್ಪು. ಅದು ಇದ್ದದ್ದು ನನ್ನ ಹತ್ತಿರ, ಮತ್ತು ಆಕೆಯ ಕಂಪ್ಯೂಟರಿನಲ್ಲಿ. ಮೈಯೆಲ್ಲ ಉರಿಯಿತು. ಆ ಮನೆಯವರನ್ನು ಒಂದು ಮಾತು ಕೇಳುವಷ್ಟು ತಾಳ್ಮೆಯೂ ಇಲ್ಲದೆ ನೇರ ಚಿತ್ರದುರ್ಗದ ಬಸ್ಸು ಹತ್ತಿದೆ.

ಮಹಡಿಯಲ್ಲಿ ಮದುವೆ ಕಾರ್ಡಿಗೆಂದು ಬಂದ ಇಬ್ಬರು ಕೂತಿದ್ದರು. ಅವರ ಎದುರಿಗೇ ಕೇಳಿದೆ.

“ನಮ್ಮಪ್ಪನ ಗಿಳಿ ಯಾರಿಗೆ ಕೊಟ್ರಿ?”

ಆಕೆ ಮೌಸು ಬಿಟ್ಟು ನನ್ನ ಕಡೆ ತಿರುಗಿದಳು. ಯಾರಿಗೂ ಕೊಟ್ಟಿಲ್ಲ ಎಂದಳು. ನಾನು ಬಾಯಿಗೆ ಬಂದಂತೆ ಮಾತಾಡಿದೆ, ಈಗ ಬರೆಯಲು ನಾಚಿಕೆಯಾಗುವಂಥ ಮಾತು. ನಂಬಿಸಿ ಕತ್ತು ಕೊಯ್ದವಳು ಎಂದೂ ಅಂದೆ. ಕಾರ್ಡಿನವರು ಮೆಲ್ಲಗೆ ಎದ್ದು ಹೋದರು. ಆಕೆ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

“ನೀವೇ ಅಳಿಸ್ರಿ ಆಚಾರ್ರೆ. ಅಳಿಸಾಕೆ ಮುಂಚೆ ಒಂದ್ಸಲ ತೆಗೆದು ನೋಡ್ರಿ.”

ನಾನು ನೋಡಲಿಲ್ಲ. ಇಡೀ ಫೋಲ್ಡರನ್ನು ಅಳಿಸಿದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ, ಅದನ್ನೂ ಬರಿದು ಮಾಡಬೇಕು ಎಂದು ಆಕೆಯೇ ಕಲಿಸಿದ್ದಳು, ಅದನ್ನೂ ಮಾಡಿದೆ. ಗಿಳಿಯ ಜೊತೆಗೆ ಆಕೆ ಚುಕ್ಕಿ ತೆಗೆದಿಟ್ಟಿದ್ದ ಹನ್ನೊಂದು ನಮೂನೆಗಳೂ ಹೋದವು. ಗೆದ್ದವನ ಹಾಗೆ ಮೆಟ್ಟಿಲಿಳಿದೆ.

ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಯಾರಿಗೆ, ಯಾವ ದಾರಿಯಲ್ಲಿ ಕೊಟ್ಟಳು ಎಂದು ಸಾಕ್ಷಿ ಹಿಡಿಯಬೇಕಿತ್ತು. ಎರಡು ದಿನ ಬಿಟ್ಟು ಹೊಸದುರ್ಗದ ಆ ಮನೆಗೆ ಹೋಗಿ, ಬಾಗಿಲು ಬಹಳ ಚೆನ್ನಾಗಿದೆ, ಎಲ್ಲಿ ಮಾಡಿಸಿದಿರಿ ಎಂದು ನಯವಾಗಿ ಕೇಳಿದೆ. ಯಜಮಾನರು ಸಂತೋಷದಿಂದ ಹಿರಿಯೂರು ಎಂದರು. ಆ ಊರಿನ ಹೆಸರು ಕೇಳಿದ್ದೇ ಅಲ್ಲಿಂದಲೇ ಬಸ್ಸು ಹತ್ತಿದೆ.

ಹಿರಿಯೂರಿನ ಅಂಗಡಿಯವನು ನನ್ನನ್ನು ಕೂಡಲೇ ಗುರುತು ಹಿಡಿದ. ಗೋಡೆಗೆ ತೂಗುಹಾಕಿದ ಆಲ್ಬಮ್ಮಿನಲ್ಲಿ, ಮೂರನೆಯ ಹಾಳೆಯಲ್ಲೇ ಗಿಳಿಗಳಿದ್ದವು. ಅವನೇನೂ ಮುಚ್ಚಿಡಲಿಲ್ಲ, ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಿರಲೂ ಇಲ್ಲ. ಪೆನ್‌ಡ್ರೈವಿನಿಂದ ಕಂಪ್ಯೂಟರಿಗೆ ಹಾಕಿಕೊಂಡೇ ಕೊರೆಯುವುದು, ಹಾಕಿಕೊಂಡದ್ದು ಅಲ್ಲೇ ಉಳಿಯುತ್ತದೆ, ಎಲ್ಲ ಅಂಗಡಿಯಲ್ಲೂ ಹೀಗೆಯೇ ಎಂದ.

“ನೀವು ಅಲ್ಲೇ ನಿಂತು ನೋಡ್ತಾನೇ ಇದ್ರಲ್ರಿ. ಬ್ಯಾಡ ಅಂದಿದ್ರೆ ತೆಗೀತಿದ್ದೆ.”

ನಾನು ನೋಡುತ್ತಿದ್ದದ್ದು ಮರವನ್ನು. ಕಳ್ಳತನವಾದರೆ ಮರದ್ದೇ ಆಗಬೇಕು ಎಂದು ಬಡಗಿಯ ಬುದ್ಧಿ ಹೇಳಿತ್ತು, ಪರದೆಯ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಈಗ ತೆಗೆದುಹಾಕು ಎಂದರೆ, ಇನ್ನು ಮೂರ್ನಾಲ್ಕು ಅಂಗಡಿಯವರು ಮೊಬೈಲಿನಲ್ಲೇ ತರಿಸಿಕೊಂಡಿದ್ದಾರೆ ಎಂದು ಪೇಚಾಡಿದ. ನಾನು ಬಾಯಿ ಮುಚ್ಚಿಸಿ ಸೇವ್ ಒತ್ತಿದ ಭಾನುವಾರವೇ, ಹಳೆಯದರ ಮೇಲೆ ಹೊಸದು ಕೂತು, ಆಕೆಯ ಕಂಪ್ಯೂಟರಿನಲ್ಲಿದ್ದ ಬಾಯಿ ತೆರೆದ ಗಿಳಿ ಅಳಿದುಹೋಗಿತ್ತು ಎಂಬುದು ಆಗ ಹೊಳೆಯಿತು. ಕಾಗದದ ಮೇಲೆ ಅಳಿಸಿದರೂ ಹಳೆಯ ಗೆರೆಯ ಗುರುತು ಉಳಿಯುತ್ತದೆ, ಕಂಪ್ಯೂಟರಿನಲ್ಲೂ ಎಲ್ಲೋ ಉಳಿದಿರುತ್ತದೆ ಎಂದುಕೊಂಡಿದ್ದೆ. ಅಳಿಸುವ ಮುಂಚೆ ತೆಗೆದು ನೋಡಿ ಎಂದು ಆಕೆ ಅಂದದ್ದು ಇದಕ್ಕೇ. ಅಪ್ಪನ ಗಿಳಿಯನ್ನು ಊರ ಮೇಲೆ ಬಿಟ್ಟವನು ನಾನೇ, ಬಸ್ ಚಾರ್ಜು ಕೊಟ್ಟುಕೊಂಡು ಹೋಗಿ ಬಿಟ್ಟುಬಂದೆ.

ಭಾನುವಾರ ಮತ್ತೆ ಮಹಡಿ ಹತ್ತಿದೆ. ಇಡೀ ದಾರಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ, ಬಾಗಿಲಲ್ಲಿ ನಿಂತಾಗ ತಪ್ಪಾಯ್ತಮ್ಮ ಎಂಬುದೊಂದೇ ಹೊರಗೆ ಬಂತು. ಹಿರಿಯೂರಿನದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿ, ಹೋಗ್ಲಿ ಬಿಡ್ರಿ, ಕುಂತ್ಕಳ್ರಿ ಎಂದಳು. ಪಾಠ ನಿಲ್ಲಿಸಲಿಲ್ಲ. ತನ್ನ ಕುರ್ಚಿಯನ್ನು ಮಾತ್ರ ಎರಡು ಮೊಳ ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎಲ್ಲಿ ಒತ್ತಬೇಕೆಂದು ಬಾಯಲ್ಲಿ ಹೇಳುತ್ತಿದ್ದಳು, ನಾನು ಎಷ್ಟು ತಡಕಾಡಿದರೂ ಮೌಸು ಮುಟ್ಟಲಿಲ್ಲ. ಹಾಗಾಗಿಯೇ ನಾನು ಪೂರ್ತಿ ಕಲಿತೆ. ಹನ್ನೆರಡು ನಮೂನೆಗಳನ್ನೂ ಮತ್ತೆ ಮೊದಲಿನಿಂದ, ಒಂದೊಂದೇ ಚುಕ್ಕಿ ತೆಗೆದು, ನಾನೇ ಮುಗಿಸಿದೆ. ಏಳು ತಿಂಗಳು ಹಿಡಿಯಿತು.

ಮುಗಿದ ದಿನ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಆಕೆಯ ಮೇಜಿನ ಮೇಲಿಟ್ಟೆ. ನನ್ನ ಕಂಪ್ಯೂಟರಿಗೆ ಏನಾದರೂ ಆದರೆ ಇನ್ನೊಂದು ಕಡೆ ಇರಬೇಕು, ನಿಮ್ಮ ಹತ್ತಿರ ಒಂದು ಕಾಪಿ ಇಟ್ಟುಕೊಳ್ಳಿ, ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನಾನು ನಂಬುವುದಿಲ್ಲ ಎಂದೆ. ಅದು ನಿಜವಾಗಿತ್ತು. ಆಕೆ ಅದನ್ನು ಕೈಯಲ್ಲಿ ಎತ್ತಲಿಲ್ಲ. ಸ್ಕೇಲಿನ ತುದಿಯಿಂದ ಮೆಲ್ಲಗೆ ನನ್ನ ಕಡೆಗೆ ಸರಿಸಿದಳು.

“ಬ್ಯಾಡ್ರಿ. ನಿಮ್ದು ನಿಮ್ಮತ್ರನೇ ಇರ್ಲಿ.”