ಆಂಟಿಯ ಹೆಣ್ಣು ಈಚಲು

ಆಂಟಿಯ ಬಲಗೈ ಹೆಬ್ಬೆರಳಿನೊಳಗೆ ಒಂದು ಮುಳ್ಳಿನ ತುದಿ ಮುರಿದು ಉಳಿದುಬಿಟ್ಟಿತ್ತು. ಎಳ್ಳಿನಷ್ಟು ಕಪ್ಪು ಚುಕ್ಕೆ. ಡಾಕ್ಟರಿಗೆ ತೋರಿಸಬಾರದೇ ಎಂದರೆ, ನೋಯುವುದಿಲ್ಲವಲ್ಲ, ಇರಲಿ ಬಿಡು ಎನ್ನುತ್ತಿದ್ದರು. ಸ್ಯಾನ್ ಡಿಯಾಗೋದ ತಮ್ಮ ಹಿತ್ತಲಲ್ಲಿ ಬೀಜದಿಂದ ಬೆಳೆಸಿದ ಗಿಡ್ಡ ಈಚಲಿನ ಮುಳ್ಳು ಅದು.

ನಾನು ಅದೇ ಊರಿನ ಲಾ ಹೋಯಾಕ್ಕೆ ಸಸ್ಯಶಾಸ್ತ್ರದ ಪಿಎಚ್.ಡಿ. ಮಾಡಲು ಹೋದಾಗ ಅವರು ಅಲ್ಲಿ ಒಣಗಿಸಿದ ಗಿಡಗಳ ಸಂಗ್ರಹ ನೋಡಿಕೊಳ್ಳುತ್ತಿದ್ದರು. ಧಾರವಾಡದವರು. ಶನಿವಾರ ಬಂತೆಂದರೆ ನನಗೆ ಅವರ ಮನೆಯಲ್ಲೇ ರೊಟ್ಟಿ ಊಟ. ಉಂಡ ಮೇಲೆ ನಾನು ಸುಮ್ಮನೆ ಕೂರುವವಳಲ್ಲ; ಅವರ ಒಲೆ, ಕಟ್ಟೆ, ಫ್ರಿಜ್ಜಿನ ಬಾಗಿಲು ಎಲ್ಲ ಒರೆಸುತ್ತಿದ್ದೆ. "ನಿನ್ನ ಕೈಯಾಗ ಬಟ್ಟಿ ಇಲ್ಲಂದ್ರ ಉಂಡದ್ದು ಕರಗೂದಿಲ್ಲೇನವಾ?" ಎಂದು ನಗುತ್ತ ಹಿತ್ತಲಿಗೆ ಎಳೆದೊಯ್ಯುತ್ತಿದ್ದರು.

ಅಲ್ಲಿ ಪಾಠ. ಇದು ನಮ್ಮ ಗುಡ್ಡಗಳ ಈಚಲು, ಮರಗಳು ದೂರದೂರ ನಿಂತ ಕಾಡಿನಲ್ಲಿ ಹುಲ್ಲಿನ ನಡುವೆ ಬೆಳೆಯುತ್ತದೆ, ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕರಡಿ, ಪುನುಗುಬೆಕ್ಕು ಹಣ್ಣು ತಿಂದು ಬೀಜ ಹರಡುತ್ತವೆ. ಬೇಸಿಗೆಯ ಕಾಡುಕಿಚ್ಚಿಗೆ ಗರಿಯೆಲ್ಲ ಕರಕಲಾದರೂ ಎಲೆಬುಡಗಳ ದಪ್ಪ ಹೊದಿಕೆಯೊಳಗೆ ಸುಳಿ ಬದುಕಿರುತ್ತದೆ. ಇದನ್ನು ಎಷ್ಟು ಸಲ ಕೇಳಿದ್ದೆನೆಂದರೆ ಕೊನೆಕೊನೆಗೆ ಆಕಳಿಸುತ್ತಿದ್ದೆ.

ಅವರ ಬಳಿ ಇದ್ದದ್ದು ಎರಡೇ, ಒಂದು ಗಂಡು, ಒಂದು ಹೆಣ್ಣು. ಹೆಣ್ಣು 2007ರಲ್ಲಿ ಮೊದಲ ಸಲ ಹೂಬಿಟ್ಟಿತು, ಕಾಯಿ ನಿಲ್ಲಲಿಲ್ಲ. ಬೆಂಕಿ ಕಂಡ ಮರುವರ್ಷ ಹೆಣ್ಣು ಗಿಡ ಕಾಯಿ ಹಿಡಿಯುತ್ತದೆಯೇ ಎಂದು ಕಣ್ಣಾರೆ ನೋಡಬೇಕು, ಅದೊಂದೇ ಅವರ ಆಸೆ. ಹಿತ್ತಲಲ್ಲಿ ಒಂದು ಗಿಡ ಸುಡಲು ಅಗ್ನಿಶಾಮಕದವರನ್ನು ಕೇಳಿದ್ದರು. ಅವರು ಸಾಧ್ಯವೇ ಇಲ್ಲ ಎಂದಿದ್ದರು. ಅಷ್ಟರಲ್ಲಿ ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಹೆಚ್ಚು ವರ್ಷ ಕಾಯುವ ಹಾಗಿರಲಿಲ್ಲ.

ಆ ಅಕ್ಟೋಬರಿನಲ್ಲಿ ಬೆಂಕಿ ತಾನಾಗಿಯೇ ಬಂತು. ಗುಡ್ಡಗಳಿಗೆ ಗುಡ್ಡಗಳೇ ಹೊತ್ತಿಕೊಂಡವು. ಆಂಟಿಯನ್ನು ಮಗಳು ಎರಡು-ಮೂರು ತಾಸಿನ ದಾರಿಯ ವುಡ್‌ಲ್ಯಾಂಡ್ ಹಿಲ್ಸ್‌ನ ತನ್ನ ಮನೆಗೆ ಕರೆದೊಯ್ದಳು. ಮನೆ ಉಳಿಯಿತು, ಹಿತ್ತಲು ಸುಟ್ಟಿತು. ರಸ್ತೆ ತೆರೆದ ದಿನ ಆಂಟಿಯ ಮನೆಯ ಬೀಗದ ಕೈ ಹಿಡಿದು ನಾನೇ ಡ್ರೈವ್ ಮಾಡಿಕೊಂಡು ಹೋದೆ. ದೀಪಾವಳಿ ಹತ್ತಿರವಿತ್ತು. ಹಬ್ಬಕ್ಕೆ ಬಂದವರ ಕಣ್ಣಿಗೆ ಈಚಲಿನ ಕರಿ ಮೋಟುಗಳು ಬೀಳುವುದು ಬೇಡ, ಮನೆಯಲ್ಲಿ ಸುಟ್ಟದ್ದು ಇಟ್ಟುಕೊಂಡು ದೀಪ ಹಚ್ಚುವುದುಂಟೇ ಎಂದು ಬೂದಿ ಗುಡಿಸಿದೆ, ಗೋಡೆ ತೊಳೆದೆ. ಆಮೇಲೆ ಹಾರೆ ಹಿಡಿದೆ. ಪಾಠ ಒಂದಕ್ಷರ ನೆನಪಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಗಿಡದ ಬುಡ ಸೀಳಿತು. ಒಳಗೆ ಎಳೆ ತೆಂಗಿನಕಾಯಿಯ ತಿರುಳಿನ ಹಾಗೆ ಬೆಳ್ಳಗೆ, ಒದ್ದೆಯಾಗಿ ಸುಳಿ. ಅಯ್ಯೋ ದೇವರೇ, ನನ್ನ ಕೈ ಸೇದಿ ಹೋಗಬಾರದಿತ್ತೇ ಎನಿಸಿತು. ಗಂಡು ಗಿಡವನ್ನು ಮುಟ್ಟಲಿಲ್ಲ.

ಆಂಟಿ ಬಂದವರೇ ನೇರ ಹಿತ್ತಲಿಗೆ ಹೋದರು. ಹೆಣ್ಣು ಗಿಡವಿದ್ದ ಜಾಗದಲ್ಲಿ ನಿಂತು ಕೇಳಿದರು: "ಸುಳಿ ಹೆಂಗಿತ್ತು?"

"ಪೂರ್ತಿ ಸುಟ್ಟೋಗಿತ್ತು, ಆಂಟಿ."

ಹೂಂ ಎಂದು ಒಳಗೆ ನಡೆದರು. ಕೆಲವೇ ವಾರಗಳಲ್ಲಿ ಗಂಡು ಗಿಡ ಹಸಿರು ಗರಿ ತೆಗೆಯಿತು, ವಸಂತಕ್ಕೆ ಮೈತುಂಬ ಹೂಬಿಟ್ಟಿತು. ಪರಾಗ ಗಾಳಿಗೆ ಹಾರಿ ಹೋಯಿತು. ಆಂಟಿ ಕಿಟಕಿಯಿಂದ ನೋಡುತ್ತಿದ್ದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ದಿಂಬಿನ ಕೆಳಗಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಎರಡೂ ಗಿಡ ಮೊಳೆತಂದಿನಿಂದ ಬರೆದ ದಾಖಲೆ. ಹೆಣ್ಣು ಗಿಡದ ಪುಟದಲ್ಲಿ ಕೊನೆಯ ಸಾಲು ಖಾಲಿ.

"ಖರೇ ಏನಿತ್ತೋ ಅದನ್ನ ಬರಿ," ಎಂದರು. "ಮುಂದ ಯಾರರೆ ಓದಿ ಇದು ಬೆಂಕಿಗೆ ಸಾಯ್ತೈತಿ ಅಂತ ತಿಳೀಬಾರದು."

ಬರೆದೆ: ಬೆಂಕಿಯ ನಂತರ ಸುಳಿ ಜೀವಂತವಿತ್ತು. ನಾನು ಅಗೆದು ಕೊಂದೆ.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ನೋಟ್‌ಬುಕ್ ನನ್ನ ಕಡೆ ತಿರುಗಿಸಿ, "ತಾರೀಖು ಹಾಕವಾ," ಎಂದರು.

ಹಾಕಿದೆ. ಮುಂದಿನ ಶನಿವಾರದ ಹೊತ್ತಿಗೆ ಆಂಟಿ ಇರಲಿಲ್ಲ.